ಬರೀ ನೀರಿನ ಮಡಿ

ಮೂರು ದಿನದಿಂದ ಬಿಡದ ನೆಗಡಿ. ಬಿಸಿನೀರಿಗೆ ನಾಲ್ಕು ತೊಟ್ಟು ನೀಲಗಿರಿ ಎಣ್ಣೆ ಬಿಟ್ಟು, ತಲೆಗೆ ಟವೆಲ್ ಹೊದ್ದು ಬಗ್ಗಿದೆ. ಮೂಗು ಬಿಟ್ಟುಕೊಂಡಿತೋ ಇಲ್ಲವೋ, ಲ್ಯಾಬ್ ಮಾವ ಬಂದು ಎದುರಿಗೆ ಕೂತಂತಾಯಿತು...

ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯವರು. ಕಾಲೇಜೊಂದರ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರಾಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಲ್ಯಾಬ್ ಮಾವ. ನಮ್ಮಿಬ್ಬರ ಮನೆಯ ನಡುವೆ ಒಂದು ಖಾಲಿ ಸೈಟು, ಅದರ ತುಂಬ ಎದೆಯುದ್ದದ ಪಾರ್ಥೇನಿಯಂ ಕಳೆ. ಅದು ಹೂ ಬಿಟ್ಟರೆ ಅವರ ಹೆಂಡತಿಗೆ, ನಮ್ಮ ಪಾಲಿನ ಅತ್ತೆಗೆ, ಉಬ್ಬಸ. ಸೈಟಿನ ಓನರು ವರ್ಷಕ್ಕೊಮ್ಮೆ ಅಂಗಡಿಯ ಕಳೆನಾಶಕ ಹೊಡೆಸಿದರೆ ಆ ಘಾಟಿಗೂ ಉಬ್ಬಸ. ಮಾವ ಕಿತ್ತೂ ನೋಡಿದ್ದರು. ಬೀಜ ಬಿದ್ದ ನೆಲ, ಒಂದು ಮಳೆಗೆ ಮತ್ತೆ ಅಷ್ಟೇ.

“ನೀಲಗಿರಿ ಮರದ ಬುಡದಲ್ಲಿ ಹುಲ್ಲೂ ಸರಿಯಾಗಿ ಬರಲ್ಲ, ನೋಡಿದೀಯೇನಮ್ಮ?” ಎನ್ನುತ್ತಿದ್ದರು. ಆ ಎಲೆಯ ಕಷಾಯ ಹೊಯ್ದರೆ ಕಳೆಯೂ ಮೊಳೆಯಲಾರದು ಎಂಬುದು ಅವರ ಲೆಕ್ಕ. ಎಲೆ ತಂದು, ಅರೆದು, ಹಿತ್ತಿಲ ಒಲೆಯಲ್ಲಿ ಕುದಿಸಿ ಸೋಸುತ್ತಿದ್ದರು. ಸೈಟಿನ ಮೂಲೆಯಲ್ಲಿ ದಾರ ಕಟ್ಟಿ ಎರಡು ಮಡಿ. ಎರಡನ್ನೂ ಬೋಳು ಮಾಡಿ ಒಂದಕ್ಕೆ ಕಷಾಯ, ಇನ್ನೊಂದಕ್ಕೆ ಅಷ್ಟೇ ಲೋಟ ಬರೀ ನೀರು. “ನೀರ್ಯಾಕೆ ಮಾವ ದಂಡಕ್ಕೆ?” ಅಂದರೆ ನಕ್ಕು ಮುಂದಿನ ಲೋಟ ಎಣಿಸುತ್ತಿದ್ದರು. ಎಷ್ಟೋ ಸಲ ಕಷಾಯ ಕೈಕೊಟ್ಟಿತು. ಕೊನೆಗೊಮ್ಮೆ ಹದ ಕೂಡಿತು. ಕಷಾಯದ ಮಡಿಯಲ್ಲಿ ಒಂದೂ ಮೊಳಕೆಯಿಲ್ಲ. ನೀರಿನ ಮಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮಾವ ಹೋಗಿ ಕೇಳಿಕೊಂಡಾಗ, ಭಾನುವಾರ ಬಂದು ನೋಡುತ್ತೇನೆ, ಕಷಾಯ ಕೆಲಸ ಮಾಡಿರುವುದು ಕಣ್ಣಿಗೆ ಕಂಡರೆ ಈ ವರ್ಷ ವಿಷ ಹೊಡೆಸುವುದಿಲ್ಲ ಎಂದು ಓನರು ಒಪ್ಪಿಕೊಂಡರು.

ಯಾರಾದರೂ ಬರುತ್ತಾರೆಂದರೆ ಮೊದಲು ಗುಡಿಸಿ ಸಾರಿಸುವ ಮನೆಯಲ್ಲಿ ಬೆಳೆದವಳು ನಾನು. ಭಾನುವಾರ ಬೆಳಿಗ್ಗೆ ರಂಗೋಲಿ ಹಾಕಿ ತಲೆಯೆತ್ತಿದರೆ, ಆ ನೀರಿನ ಮಡಿಯ ಕಳೆ ಕಣ್ಣಿಗೆ ಚುಚ್ಚಿತು. ಬಂದವರ ಎದುರು ಮಾವನ ಮಾನ ಹೋಗಬಾರದಲ್ಲ... ಕೂತು ಒಂದೂ ಬಿಡದೆ ಕಿತ್ತು, ಗುಡಿಸಿ, ಚೊಕ್ಕ ಮಾಡಿದೆ.

ಹೊತ್ತೇರಿದ ಮೇಲೆ ಓನರು ಸ್ಕೂಟರಿನಲ್ಲಿ ಬಂದರು. “ಏನ್ ಯಜಮಾನ್ರೇ, ಕಷಾಯಕ್ಕೂ ಬೋಳು, ನೀರಿಗೂ ಬೋಳು! ಕಾವೇರಿ ನೀರಿಗೇ ಸಾಯೋದಾದ್ರೆ ಅಷ್ಟ್ ಎಲೆ ಯಾಕ್ ಬೇಯಿಸ್ತೀರ? ನಲ್ಲಿ ಬುಟ್ಬುಡಿ!” ಅಂದು ನಕ್ಕು ಹೊರಟೇಬಿಟ್ಟರು.

ಆಗ ಹೊಳೆಯಿತು ನನಗೆ, ಆ ನೀರು ಯಾಕೆಂದು. ಬರೀ ನೀರಿನ ಮಡಿಯ ಕಳೆಯೇ ಅವರ ಸಾಕ್ಷಿ. ‘ನಾನು ಕಿತ್ತೆ’ ಎಂದು ಸ್ಕೂಟರಿನ ಹಿಂದೆ ಓಡಿ ಹೇಳಬಹುದಿತ್ತು. ಓಡಲಿಲ್ಲ. ಮಾವ ಮಡಿಯನ್ನು ನೋಡಿದರು. ಆಮೇಲೆ ಕಳೆ ಸೋಕಿ ದದ್ದೆದ್ದು ಕೆಂಪಾಗಿದ್ದ ನನ್ನ ಕೈಗಳನ್ನು.

“ಒಳಗೋಗಿ ಕೊಬ್ಬರಿ ಎಣ್ಣೆ ಹಚ್ಕೋ ಕಣಮ್ಮ. ಉರೀತದೆ,” ಅಂದರು. ಅಷ್ಟೇ.

ಆ ವಾರವೇ ಓನರು ವಿಷ ಹೊಡೆಸಿದರು. ಅತ್ತೆ ನಾಲ್ಕು ದಿನ ಮಲಗಲಾರದೆ ಕೂತೇ ಇದ್ದರು. ತಿಂಗಳೊಳಗೆ ಮಾವ, ಅತ್ತೆ ಮನೆ ಖಾಲಿ ಮಾಡಿ ಊರಿನ ಆಚೆ ತುದಿಗೆ, ಕೆಸರೆ ಕಡೆ ಹೋದರು. ಮೊದಲು ಅತ್ತೆ ತೀರಿಹೋದ ಸುದ್ದಿ ಬಂತು, ಆಮೇಲೆ ಅವರದೂ... ನಾನು ಕಿತ್ತದ್ದನ್ನು ಬಾಯಿಬಿಟ್ಟು ಹೇಳಲು ಒಂದು ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ.

ನೀರು ಆರಿತು. ಮುಖ ಒರೆಸಿಕೊಂಡು ಕಿಟಕಿಯಾಚೆ ನೋಡಿದೆ. ಸೈಟು ಇನ್ನೂ ಖಾಲಿ. ಪಾರ್ಥೇನಿಯಂ ಬೆಳ್ಳಗೆ ಹೂ ಬಿಟ್ಟಿದೆ. ಎಷ್ಟು ಎಲೆಗೆ ಎಷ್ಟು ನೀರು ಎಂಬುದು ಮಾವನ ಜೊತೆಗೇ ಹೋಯಿತು. ಆ ಹೂ ನೋಡಿದಾಗಲೆಲ್ಲ ಕೈ ಉರಿದಂತಾಗುತ್ತದೆ. ಎಣ್ಣೆ ಹಚ್ಕೋ ಎನ್ನುವವರಿಲ್ಲ.