ದೇಸೂರಿನಲ್ಲಿ ಸಿಕ್ಕ ಲಿಂಗ

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ತೀರಿದ ಮೇಲೆ ಅವ್ವ ಖಾನಾಪುರದ ಕಡೆಯ ನಮ್ಮ ಊರು ಬಿಟ್ಟು, ನನ್ನ ಕಾಲೇಜಿಗಾಗಿ ವಡಗಾವಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಳು. ನೇಕಾರರ ಮನೆಗಳಿಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿ, ನೂಲಿನ ಧೂಳಿಗೆ ಕೆಮ್ಮುತ್ತ ನನ್ನನ್ನು ಓದಿಸಿದಳು.

ಎಪ್ಪತ್ತರ ದಶಕದ ಕೊನೆಯ ಮಾತು. ಸಮಾಜಶಾಸ್ತ್ರದ ಸರ್ ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದರು. ಜರ್ಮನಿಯ ಒಬ್ಬ ಪಂಡಿತ ಮನುಷ್ಯರ ನಡವಳಿಕೆಯನ್ನು ಹೀಗೆ ವಿಂಗಡಿಸಿದ್ದನಂತೆ: ಲೆಕ್ಕ ಹಾಕಿ ಮಾಡುವುದು, ಏನೇ ಆಗಲಿ ಎಂದು ನಂಬಿಕೆಗಾಗಿ ಮಾಡುವುದು, ಭಾವನೆಯ ಭರಕ್ಕೆ ಮಾಡುವುದು, ಬರೀ ರೂಢಿಯಿಂದ ಮಾಡುವುದು. ಧರ್ಮ ನಮ್ಮ ಕೈಯಿಂದ ಏನೇನು ಮಾಡಿಸುತ್ತದೆ, ಮನೆಯೊಳಗಿನ ಒಂದು ಉದಾಹರಣೆ ಬರೆದು ತನ್ನಿ ಎಂದರು.

ನಾನು ಅವ್ವನ ಬಗ್ಗೆ ಬರೆದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವಳು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ನನ್ನ ಲಿಂಗ ಮಾತ್ರ ಕಾಲೇಜು ಸೇರಿದಾಗಿನಿಂದ ಟ್ರಂಕಿನಲ್ಲಿತ್ತು. ಅವ್ವನನ್ನು ನಾಲ್ಕನೆಯ ಚೌಕಕ್ಕೆ ಹಾಕಿದೆ, ರೂಢಿ ಅಂತ. ಸರ್ ಅದನ್ನು ಕ್ಲಾಸಿನಲ್ಲಿ ಓದಿ ತೋರಿಸಿದರು. ನಾನು ಉಬ್ಬಿಹೋದೆ.

ಅದೇ ತಿಂಗಳು ಅವ್ವನೂ ನಾನೂ ಊರಿಂದ ರೈಲಿನಲ್ಲಿ ಬರುವಾಗ, ದೇಸೂರ ಸ್ಟೇಷನ್ನಿನಲ್ಲಿ ಮಂದಿ ನುಗ್ಗಿ ಬಾಗಿಲಲ್ಲಿ ಗದ್ದಲವಾಯಿತು. ಖೋಲಿಗೆ ಬಂದು ನೋಡಿದರೆ ಅವ್ವನ ಕೊರಳಲ್ಲಿ ಲಿಂಗ ಕಟ್ಟಿದ್ದ ಶಿವದಾರ ಹರಿದಿತ್ತು, ಲಿಂಗ ಇರಲಿಲ್ಲ. ಕೂಸಿದ್ದಾಗ ಅವಳಿಗೆ ಕಟ್ಟಿದ್ದು ಅದು. ಅವ್ವ ಊಟ ಬಿಟ್ಟಳು, ನೀರೂ ಬಿಟ್ಟಳು. ಓಣಿಯ ಅಯ್ಯನವರು ಬಂದು, ಬೇರೆ ಲಿಂಗ ಕಟ್ಟುತ್ತೇನೆ, ದೋಷವಿಲ್ಲ ಎಂದರು. ಅವ್ವ ಒಪ್ಪಲಿಲ್ಲ. ಒಂದು ಕಲ್ಲಿಗಾಗಿ ಜೀವ ಕಳಕೊಳ್ಳುತ್ತೀಯೇನು ಎಂದು ಬೈದೆ. ಗೋಡೆಯ ಕಡೆ ಹೊರಳಿದಳು.

ಎರಡು ದಿನ ದೇಸೂರಿಗೆ ಹೋಗಿ ಹಳಿಯ ಬಾಜೂಕ ಕಲ್ಲು ತಿರುವಿ ಹುಡುಕಿದೆ. ಮೂರನೆಯ ದಿನ ಅವ್ವನಿಗೆ ಎದ್ದು ನಿಲ್ಲಲಾಗಲಿಲ್ಲ. ತುಟಿಗಳು ಒಡೆದಿದ್ದವು. ಪೇಟೆಗೆ ಹೋಗಿ ಹೊಸ ಲಿಂಗ ಕೊಂಡೆ. ಮಣ್ಣಿನಲ್ಲಿ ಉಜ್ಜಿ, ಹಳೇ ಅರಿವೆಯ ಚೂರಿನಲ್ಲಿ ಸುತ್ತಿ ತಂದು, ದೇಸೂರಿನಲ್ಲಿ ಸಿಕ್ಕಿತು ಎಂದೆ. ಅವ್ವ ಅದನ್ನು ಎಡಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಳು. ಆಮೇಲೆ ತೊಳೆದು, ವಿಭೂತಿ ಹಚ್ಚಿ ಪೂಜೆ ಮಾಡಿದಳು. ಇಬ್ಬರೂ ಗಂಜಿ ಕುಡಿದೆವು.

ಅವಳನ್ನು ತಪ್ಪು ಚೌಕಕ್ಕೆ ಹಾಕಿದ್ದೆ, ಎರಡನೆಯದಕ್ಕೆ, ನಂಬಿಕೆಯದಕ್ಕೆ, ಹಾಕಬೇಕಿತ್ತು ಎಂದು ಆಗ ಅಂದುಕೊಂಡೆ. ಲೆಕ್ಕ ಹಾಕಿ ಸುಳ್ಳು ಹೇಳಿದ ನಾನು ಮೊದಲನೆಯದರಲ್ಲಿದ್ದೆ.

ನಾನು ಸಾಲಿಯಲ್ಲಿ ಕಲಿಸುವ ನೌಕರಿಗೆ ಸೇರಿದ ಮರುವರ್ಷ ಅವ್ವ ಕೆಮ್ಮಿನಿಂದ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಕೊರಳಿನ ಲಿಂಗದ ಗಂಟು ಮುಟ್ಟಿಕೊಂಡು ಹೇಳಿದಳು.

“ಇದು ನಂದಲ್ಲ ಅಂತ ಕೈಯಾಗ ಇಟ್ಟಕೊಂಡಾಗನ ಗೊತ್ತಾತು ತಂಗಿ. ನಂದು ಇದಕ್ಕಿಂತ ವಜ್ಜ ಇತ್ತು, ಕೈಗೆ ಭಾರ ಹತ್ತತಿತ್ತು.”

“ಮತ್ಯಾಕ ಉಂಡಿ?”

“ನೀ ಮೂರು ದಿನ ಉಂಡಿದ್ದಿಲ್ಲಲ್ಲ.”

ನಾನು ಉಂಡಿರಲಿಲ್ಲ ಎಂಬುದು ನನಗೇ ನೆನಪಿರಲಿಲ್ಲ. ಇಡೀ ಆಯುಷ್ಯ ಹಿಡಿದ ನೇಮವನ್ನು ಅವ್ವ ನನ್ನ ಒಂದು ತುತ್ತಿಗಾಗಿ ಮುರಿದಿದ್ದಳು, ಮುರಿದು ಇಷ್ಟು ವರ್ಷ ಸುಮ್ಮನಿದ್ದಳು.

ಅವ್ವ ಆ ಹಾಸಿಗೆಯಿಂದ ಏಳಲಿಲ್ಲ. ನಮ್ಮಲ್ಲಿ ಮಣ್ಣು ಕೊಡುವಾಗ ಹೋದವರ ಲಿಂಗವನ್ನು ಅವರ ಎಡಗೈಯಲ್ಲೇ ಇಡುತ್ತಾರೆ. ಅದೇ ಅಯ್ಯನವರು ಕುಣಿಯೊಳಗೆ ಇಳಿದು ಅವ್ವನ ಬೆರಳು ಬಿಡಿಸುತ್ತ, ಇದು ಅಕೀದೇ ಹೌದಲ್ಲ, ದೇಸೂರಾಗ ಸಿಕ್ಕಿದ್ದು, ಎಂದು ಕೇಳಿದರು.

“ಹೌದ್ರಿ, ಅಕೀದೇ” ಅಂದೆ.