ಗೋಣೆಪ್ಪನಿಗೆ ಗೊತ್ತಿದ್ದ ಹಗೇವುಗಳು

ಗಜೇಂದ್ರಗಡದ ಗೋಣೆಪ್ಪನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಳ್ಳುವುದೆಂದರೆ ನನಗೆ ತಲೆನೋವು. ನೆಲದೊಳಗೆ ಜೋಳ ತುಂಬಿಡುವ ಹಗೇವುಗಳನ್ನು ತೆಗೆಯುವುದು, ಮುಚ್ಚುವುದು ಅವನ ಕಸುಬು. ಕಿರಾಣಿ ಅಂಗಡಿ ಕಂಡರೆ "ಮಾಸ್ತರ, ಇದರ ಬುಡಕ ಎರಡು ಹಗೇವು ಅದಾವ್ರಿ" ಎಂದು ಬೆನ್ನಿಗೆ ತಿವಿಯುತ್ತಿದ್ದ. ಬಸ್ಸು ನಿಲ್ಲುವ ಬಯಲು ಬಂದರೆ "ಇಲ್ಲಿ ನಮ್ಮ ಕಣ ಇತ್ರಿ" ಅನ್ನುತ್ತಿದ್ದ. "ಸುಮ್ಮನ ಕುಂದರೋ ಪುಣ್ಯಾತ್ಮಾ" ಎಂದು ಗದರಿದರೂ ಕೇಳುತ್ತಿರಲಿಲ್ಲ.

೧೯೫೬ರ ಮಾಘದ ಆ ಬೆಳಿಗ್ಗೆ ನಾನು ಸೂಡಿಯ ಶಾಲೆಗೆ ಹೊರಟಿದ್ದೆ, ಅವನು ಅಲ್ಲಿದ್ದ ಮಗಳು ತಿಪ್ಪವ್ವನ ಮನೆಗೆ. ಅಳಿಯ ಶಿವನಪ್ಪ ಹೊಲದ ಹಳೆಯ ಹಗೇವನ್ನು ಅಂದೇ ತೆಗೆದು ಸ್ವಚ್ಛ ಮಾಡುವವನಿದ್ದ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಮೊದಲು ಉರಿಯುವ ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

"ದೀಪ ಬ್ಯಾಡ ಅಂತ ನಿನ್ನೇನ ಹೇಳಿ ಕಳಿಸೇನ್ರಿ. ಒಣಾ ಹಗೇವು ಅದು. ನಾಕ ಸಲ ನಾನಽ ಇಳದೇನಿ" ಎಂದು ಗೋಣೆಪ್ಪ ಜಂಬ ಕೊಚ್ಚಿಕೊಂಡ.

ಶಿವನಪ್ಪನ ಹೊಲ ಇನ್ನೆರಡು ಫರ್ಲಾಂಗು ಇತ್ತು. ಮಳೆನೀರು ಹೊಲಕ್ಕೆ ನುಗ್ಗದಂತೆ ತಡೆಯುತ್ತಿದ್ದ ಅಲ್ಲಿನ ಹಳೆಯ ಒಡ್ಡನ್ನು ಹೊಸ ರಸ್ತೆಗೆ ಮಣ್ಣು ಬೇಕೆಂದು ಕಡಿದು ಒಯ್ದಿದ್ದರು. ಗುರುತಿಗೆ ನಾಲ್ಕು ಕಲ್ಲು ಉಳಿದಿದ್ದವು. ಅಲ್ಲಿಂದ ಹೊಲದವರೆಗೂ ಆ ಬಿಸಿಲಲ್ಲಿ ಹಸಿರು ಗರಿಕೆ. ವರ್ಷದ ಮೇಲೆ ಈ ಕಡೆ ಬಂದಿದ್ದ ಗೋಣೆಪ್ಪ ಹಿಂದಿನಿಂದ ನನ್ನ ಅಂಗಿ ಜಗ್ಗಿದ.

"ಮಾಸ್ತರ, ಒಡ್ಡು ಎಲ್ಲೈತ್ರಿ?"

"ಮಳೆಗಾಲಕ್ಕ ಮೊದಲಽ ಕಡದ್ರಲ್ಲೋ."

"ಹಂಗಾರ ನೀರೆಲ್ಲ ಹಗೇದಾಗ ಇಳದೈತಿ! ಒಳಗಿನ ಹೊಟ್ಟು ಕೊಳತು ಕೆಟ್ಟ ಗಾಳಿ ತುಂಬಿರತೈತಿ! ತುಳೀರಿ, ನಿಮ್ಮ ಕಾಲಿಗೆ ಬೀಳ್ತೀನಿ, ಲಗೂ ತುಳೀರಿ!"

ಎದೆ ಒಡೆಯುವಂತೆ ತುಳಿದೆ. ಹಾಳು ಬಂಡಿಜಾಡಿನಲ್ಲಿ ಚಕ್ರ ಸಿಕ್ಕಿಕೊಂಡಿತು. ಅರವತ್ತರ ಮುದುಕ ಹಾರಿ ಇಳಿದು, ರುಮಾಲು ಬಿದ್ದದ್ದನ್ನೂ ನೋಡದೆ "ಶಿವನಪ್ಪಾ, ಇಳೀಬ್ಯಾಡೋ!" ಎಂದು ಓಡಿದ. ನಾನು ಸೈಕಲ್ಲು ಅಲ್ಲೇ ಕೆಡವಿ ಅವನ ಹಿಂದೆ ಓಡಿದೆ.

ಹಗೇವಿನ ಬಾಯಿ ತೆರೆದಿತ್ತು. ತಿಪ್ಪವ್ವ ಬಗ್ಗಿ ಕೂಗುತ್ತಿದ್ದಳು. "ಈಗಿನ್ನ ಇಳದ್ರಪ್ಪಾ, ಓ ಅನ್ನವಲ್ರು!"

ಗೋಣೆಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಕಟ್ಟಿ ಇಳಿದು ಅಳಿಯನನ್ನು ತಬ್ಬಿ ಹಿಡಿದ. ನಾನೂ ಪಕ್ಕದ ಹೊಲದ ಅಯ್ಯಪ್ಪನೂ ಇಬ್ಬರನ್ನೂ ಮೇಲಕ್ಕೆಳೆದೆವು. ಮಾವ ಕೆಮ್ಮಿದ, ಅಳಿಯ ಕೆಮ್ಮಲಿಲ್ಲ.

ಗೋಣೆಪ್ಪ ಅವನ ಎದೆ ಉಜ್ಜಿದ, ಬಾಯಿಗೆ ಬಾಯಿಟ್ಟು ಊದಿದ, ಕೆನ್ನೆಗೆ ಬಡಿದ. ಮೈ ತಣ್ಣಗಾದರೂ ಬಿಡಲಿಲ್ಲ. ಕೊನೆಗೆ ತಿಪ್ಪವ್ವನೇ ತಂದೆಯ ಕೈ ಹಿಡಿದು ನಿಲ್ಲಿಸಿದಳು.

"ಅವರು ಕಂದೀಲು ಹಚ್ಚಿದ್ರಪ್ಪಾ" ಎಂದಳು. "ನೀ ಬ್ಯಾಡ ಅಂದೀ ಅಂತ ನಾನಽ ಆರಿಸಿದೆ."