ಒಲೆ ಹಚ್ಚದ ಮೂರು ದಿನ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಇದ್ದದ್ದು ನದಿ ದಂಡೆಯ ಹಂಚಿನ ಕಾರ್ಖಾನೆ ತನ್ನ ಕೆಲಸಗಾರರಿಗೆ ಕೊಟ್ಟ ಲೈನ್ ಮನೆಯಲ್ಲಿ. ಅಪ್ಪ ವಿಜಾಪುರದ ಕಡೆಯವನು. ಮಂಗಳೂರಿನವರ ಬಾಯಲ್ಲಿ ನಾವೆಲ್ಲ ‘ಘಟ್ಟದವರು’. ಯೂನಿಯನ್ ಸೇರಿದ ತಪ್ಪಿಗೆ ಅಪ್ಪನನ್ನು ಕೆಲಸದಿಂದ ತೆಗೆದರು, ಕೇಸು ಲೇಬರ್ ಕೋರ್ಟಿಗೆ ಹೋಯಿತು. ಅದು ಮುಗಿಯುವ ತನಕ ಮನೆ ಬಿಡಿಸುವಂತಿಲ್ಲ ಎಂದರು ವಕೀಲರು. ಒಂದು ಮಾತು ಮಾತ್ರ ಒತ್ತಿ ಹೇಳಿದರು.

“ಮನೆ ಖಾಲಿ ಬಿಡ್ಬೇಡಿ. ನೀವೇ ಬಿಟ್ಟು ಹೋದ್ರಿ ಅಂತ ಬೀಗ ಹಾಕ್ತಾರೆ. ಆಮೇಲೆ ನಾನು ಎಂತ ಮಾಡ್ಲಿಕ್ಕೂ ಆಗುದಿಲ್ಲ.”

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಂಪನಿಯವರು ಮೊದಲು ನಲ್ಲಿ ನೀರು ನಿಲ್ಲಿಸಿದರು, ಆಮೇಲೆ ಕರೆಂಟು. ಅಪ್ಪ ಬೆಳಕು ಹರಿಯುವ ಮೊದಲೇ ಬಂದರಿಗೆ ಮೂಟೆ ಹೊರಲು ಹೋಗುತ್ತಿದ್ದ. ಮನೆ ಕಾಯುವ ಕೆಲಸ ಅವ್ವನದು. ಸಂತೆಯಿಲ್ಲ, ಮದುವೆಯಿಲ್ಲ, ಹೊಸ್ತಿಲೇ ಅವಳಿಗೆ ಜೈಲು.

ಆಗ ಊರಿನಿಂದ ತಂತಿ ಬಂತು. ಅವ್ವನ ತಾಯಿ ತೀರಿಕೊಂಡಿದ್ದಳು. ನಮ್ಮ ಕಡೆ ಹೆತ್ತ ಮಗಳು ಮಣ್ಣಿಗೆ ಹೋಗದಿದ್ದರೆ ಜನ ಸಾಯುವ ತನಕ ಆಡಿಕೊಳ್ಳುತ್ತಾರೆ.

“ನೀ ಹೋಗು, ನಾ ಮನ್ಯಾಗ ಇರ್ತೀನಿ” ಎಂದ ಅಪ್ಪ.

“ನೀ ಕುಂತ್ರ ಹುಡುಗ್ರು ಏನ್ ತಿಂತಾವ?”

ಅವ್ವ ಹೋಗಲಿಲ್ಲ. ಸಾವಿನ ಮನೆಯಲ್ಲಿ ಮಾಡುವ ಹಾಗೆ ಒಲೆ ಆರಿಸಿ, ಬಾಗಿಲು ಮುಂದೆ ಮಾಡಿ ಕತ್ತಲಲ್ಲಿ ಕುಳಿತಳು. ಮೂರನೇ ದಿನ ಅಲ್ಲಿ ಗೋರಿಗೆ ಹಾಲುತುಪ್ಪ ಎರೆಯುವ ತನಕ ಇಲ್ಲಿ ಒಲೆ ಹಚ್ಚುವಂತಿಲ್ಲ. ಬೇಲಿಯಾಚೆಯ ಮೀನು ಮಾರುವ ಅಕ್ಕ ದಿನಾ ಬೆಳಿಗ್ಗೆ ಗಂಜಿ ತಂದಿಟ್ಟು ಬುಟ್ಟಿ ಹೊತ್ತು ಹೋಗುತ್ತಿದ್ದಳು. “ಮೀನು ಮುಟ್ಟಿಸ್ಲಿಲ್ಲ ಮಾರಾಯ್ತಿ, ಊಟ ಮಾಡಿ. ನೀವೂ ಬಿದ್ರೆ ಈ ಮಕ್ಕಳಿಗೆ ಯಾರುಂಟು?”

ಮೂರನೇ ದಿನ ಅವ್ವ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಹಿಂದಿನ ನದಿಗೆ ಸ್ನಾನಕ್ಕೆ ಹೋದಳು. ಒದ್ದೆ ಸೀರೆಯಲ್ಲಿ ತಿರುಗಿ ಬಂದಾಗ ಬಾಗಿಲಿಗೆ ಹೊಸ ಬೀಗ. ನಮ್ಮ ಪಾತ್ರೆ, ಚಾಪೆಗಳೆಲ್ಲ ಅಂಗಳದಲ್ಲಿ.

ಕಾರ್ಖಾನೆಯ ಕಾವಲುಗಾರ ತಲೆ ತಗ್ಗಿಸಿದ. “ಮೂರು ದಿನದಿಂದ ಮಾಡಿನಲ್ಲಿ ಹೊಗೆ ಕಾಣ್ಲಿಲ್ಲ ಅಕ್ಕ, ಬಾಗಿಲೂ ಮುಚ್ಚಿತ್ತು. ಊರಿಗೆ ಹೋದ್ರು ಅಂತ ಎಣಿಸಿ ನಾನೇ ಆಫೀಸಲ್ಲಿ ಹೇಳಿದ್ದು.”

“ಸತ್ತ ಮನ್ಯಾಗ ಒಲಿ ಹಚ್ತಾರೇನೋ ಯಪ್ಪಾ?” ಎಂದಳು ಅವ್ವ. ಮನೆ ತೊರೆದು ಹೋಗುವವರು ಅನ್ನ ಮಾಡುವ ಪಾತ್ರೆ ಬಿಟ್ಟು ಹೋಗುತ್ತಾರೆಯೇ ಎಂದು ಆಫೀಸಿನಲ್ಲಿ ಒಬ್ಬನೂ ಕೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ವಕೀಲರು ಒಂದು ದಾರಿ ಹೇಳಿಕೊಟ್ಟರು. “ಸಾವಿನ ಸುದ್ದಿ ಎತ್ತಲೇಬೇಡಿ. ಎತ್ತಿದ್ರೆ ಮಣ್ಣಿಗೆ ಹೋಗಿದ್ರಿ ಅಂತ ಕಂಪನಿಯವರು ಹಿಡಿತಾರೆ. ಮೂರು ದಿನವೂ ಒಲೆ ಉರೀತಿತ್ತು ಅಂತ ಕೋರ್ಟಲ್ಲಿ ಹೇಳಿ, ಸಾಕು. ಆ ಮೀನಿನ ಅಕ್ಕನೂ ಹೌದು ಅಂತಾರೆ.”

ಅಪ್ಪ ಕೈ ಮುಗಿದು ಬೇಡಿದ. ಅವ್ವ ಒಪ್ಪಲಿಲ್ಲ.

“ಮಣ್ಣಿಗಂತೂ ಹೋಗಲಿಲ್ಲ. ನಮ್ಮವ್ವಗ ನಾ ಮಾಡಿದ್ದು ಒಲಿ ಆರಿಸಿದ್ದೊಂದ. ಅದನ್ನೂ ಮಾಡಿಲ್ಲ ಅಂತ ಹೇಳ್ಲ್ಯಾ?”